ಉಡಿಯಲ್ಲಿ ಬಂದ ಮೀನು

ಏಲಕ್ಕಿ ಹುಡುಕಲು ಹೋದವಳ ಕೈಗೆ ಪಟಿಕ ಸಿಕ್ಕಿತು.

ಮೊನ್ನೆ ಭಾನುವಾರ ಶಿರಾ ಮಾಡೋಣವೆಂದು ರವೆ ಹುರಿಯಲು ಇಟ್ಟಿದ್ದೆ. ಏಲಕ್ಕಿ ಎಂದಿನ ಜಾಗದಲ್ಲಿ ಇರಲಿಲ್ಲ. ಸ್ಟೂಲು ಹತ್ತಿ ಮೇಲಿನ ಹಲಗೆಯ ಹಿಂದೆ ಕೈಯಾಡಿಸಿದರೆ, ಉಪ್ಪಿನಕಾಯಿ ಭರಣಿಯ ಬೆನ್ನಿಗೆ ಆನಿಸಿ ಇಟ್ಟ ಒಂದು ಹಿತ್ತಾಳೆ ಡಬ್ಬಿ. ಮುಚ್ಚಳ ತೆಗೆದೆ. ಮೇಲೆ ಒಂದು ಹಿಡಿ ಒಣ ಏಲಕ್ಕಿ, ಅದರ ಕೆಳಗೆ ಬಿಳಿ ಅರಿವೆಯ ಗಂಟು, ಗಂಟಿನೊಳಗೆ ನಮ್ಮವ್ವನ ಪಟಿಕ. ಹೋದ ಮಹಾನವಮಿಯಿಂದ ನಾನು ಹುಡುಕಿ ಹುಡುಕಿ ಕೈಬಿಟ್ಟಿದ್ದ ಪಟಿಕ.

ಮೊದಲು ಕೆಳಗಿಳಿದು ಒಲೆ ಆರಿಸಿದೆ. ಆರಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದೆ. ನನ್ನ ಸ್ವಭಾವವೇ ಅಂಥದ್ದು. ಶಾಲೆಗೆ ಹೊರಟು ಬೀದಿಯ ತಿರುವಿನವರೆಗೆ ಹೋಗಿ, ಬಾಗಿಲಿಗೆ ಕೀಲಿ ಹಾಕಿದ್ದೇನೋ ಇಲ್ಲವೋ ಎಂದು ವಾಪಸ್ಸು ಬರುವವಳು ನಾನು. ಬಂದು ನೋಡಿದರೆ ಕೀಲಿ ಇರುತ್ತದೆ, ಒಳಗೆ ಅತ್ತೆಯವರೂ ಇರುತ್ತಾರೆ. ಅವರನ್ನು ಒಳಗಿಟ್ಟು ಕೀಲಿ ಹಾಕಿದೆನಲ್ಲ ಎಂಬುದು ಅಲ್ಲಿಂದ ಮುಂದಿನ ಚಿಂತೆ. ಫೋನು ಬಂದರೆ ಯಾರಿಗೋ ಏನೋ ಆಗಿದೆ, ಬಾರದಿದ್ದರೆ ಆಗಿದ್ದನ್ನು ನನ್ನಿಂದ ಮುಚ್ಚಿಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರ ಮೇಲೆ ಸಿಟ್ಟು ಮಾಡಬೇಡಿ. ಅವರು ಹಾಗೆ ಚಿಂತೆ ಮಾಡುವುದರಿಂದಲೇ ನೀವು ನಿಶ್ಚಿಂತೆಯಿಂದ ಇದ್ದೀರಿ ಎಂಬುದು ನಮ್ಮ ನಂಬಿಕೆ.

ಆ ಪಟಿಕದ ಒಂದು ಮಗ್ಗುಲು ಬೆರಳಿನ ಅಳತೆಗೆ ತಗ್ಗಾಗಿದೆ. ಅದು ಅವ್ವನ ಹೆಬ್ಬೆರಳಿನ ಜಾಗ. ನಾನು ಹುಟ್ಟಿ ಬೆಳೆದದ್ದು ಮಾನ್ವಿ. ಆಗ ನಮ್ಮ ಓಣಿಗೆ ನೀರೆಂದರೆ ಕಾಲುವೆಯ ನೀರು. ಮಳೆಗಾಲದಲ್ಲಿ ಅದರ ಬಣ್ಣ ಥೇಟು ಹೋಟೆಲಿನ ಚಹಾದ್ದು. ಅವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಟಿಕದ ತುಂಡು ಹಿಡಿದ ಕೈಯನ್ನು ಮೊಣಕೈವರೆಗೆ ಹಂಡೆಯೊಳಗೆ ಇಳಿಸಿ, ನೀರು ಸುಳಿಯಾಗುವಂತೆ ತಿರುವುತ್ತಿದ್ದಳು. ಕೈ ತೆಗೆದ ಮೇಲೆ ಒಂದೇ ಮಾತು: "ಇನ್ನ ಯಾರೂ ಅಲುಗಾಡಸಬ್ಯಾಡ್ರಿ." ನಾನೂ ತಮ್ಮ ವೀರೇಶನೂ ಹಂಡೆಯ ಅಂಚಿಗೆ ಗದ್ದ ಊರಿ ಕುಳಿತುಬಿಡುತ್ತಿದ್ದೆವು. ಮಣ್ಣು ಹಿಂಜಿದ ಅರಳೆಯ ಹಾಗೆ ಮುದ್ದೆ ಮುದ್ದೆಯಾಗಿ ತಳಕ್ಕೆ ಇಳಿಯುವುದು. ಸ್ವಲ್ಪ ಹೊತ್ತಿಗೆ ನಮ್ಮಿಬ್ಬರ ಮುಖವೂ ನೀರಿನಲ್ಲಿ ಮೂಡುವುದು. ವೀರೇಶ ಅಲ್ಲಿಗೇ ತಡೆಯಲಾರದೆ ಬೆರಳು ಅದ್ದುವನು. ಅವ್ವನ ಏಟು ಮಾತ್ರ ನನಗೆ ಬೀಳುವುದು, ಏಕೆಂದರೆ ನಾನು ದೊಡ್ಡವಳು.

ಅವ್ವನ ಇನ್ನೊಂದು ಕಾಯಿದೆ ನಿನ್ನೆಯ ನೀರಿನದು. ಬೆಳಗಾಗುವುದೇ ತಡ, ರಾತ್ರಿ ಉಳಿದ ಕುಡಿಯುವ ನೀರನ್ನೆಲ್ಲ ಗಿಡಕ್ಕೆ ಸುರಿದು, ಕೊಡಕ್ಕೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಫಳಫಳ ಎನ್ನಿಸಿ ಹೊಸ ನೀರು ತುಂಬಬೇಕು. ಮನೆಗೆ ಬಂದವರಿಗೆ ನಿನ್ನಿ ನೀರು ಕೊಡುವುದೆಂದರೆ ಅವಮಾನ ಮಾಡಿದಂತೆ. ಮದುವೆಯಾಗಿ ರಾಯಚೂರಿಗೆ ಬಂದರೆ ನಮ್ಮ ಅತ್ತೆಯವರದೂ ಇದೇ ಕಾಯಿದೆ. ಅವರು ದೇವದುರ್ಗದವರು. ಪುಂಡಿಪಲ್ಯಕ್ಕೆ ಬೆಲ್ಲ ಹಾಕಬೇಕೋ ಬೇಡವೋ ಎಂಬುದರಿಂದ ಹಿಡಿದು ಎಲ್ಲದರಲ್ಲೂ ದೇವದುರ್ಗಕ್ಕೂ ಮಾನ್ವಿಗೂ ತಕರಾರು ಇತ್ತು. ನಿನ್ನಿ ನೀರು ಚೆಲ್ಲುವುದರಲ್ಲಿ ಮಾತ್ರ ಇರಲಿಲ್ಲ. ಇಷ್ಟು ಸಾಲದೆಂಬಂತೆ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನೀರಿನ ಶುದ್ಧೀಕರಣದ ಪಾಠ ಬಂದಾಗ ಅವ್ವನ ಪಟಿಕವನ್ನು ಚೀಲದಲ್ಲಿ ಹಾಕಿಕೊಂಡು ತರಗತಿಗೆ ಹೋಗುತ್ತಿದ್ದೆ. ಗಾಜಿನ ಲೋಟದಲ್ಲಿ ಕೆಸರು ಇಳಿಯುವುದನ್ನು ನೋಡಿ ಮಕ್ಕಳು ಬಾಯಿ ತೆರೆದಾಗ ನನಗಾಗುತ್ತಿದ್ದ ಹೆಮ್ಮೆ ಹೇಳತೀರದು. ಒಟ್ಟಿನಲ್ಲಿ ನೀರಿನ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಜಿಲ್ಲೆಯಲ್ಲಿ ಇಲ್ಲವೆಂಬ ಧಿಮಾಕು ನನಗಿತ್ತು. ಅದನ್ನು ಇಳಿಸಲಿಕ್ಕೆ ಎರಡು ಮೀನು ಸಾಕಾದವು.

ಹೋದ ವರ್ಷ ಪಂಚಮಿಗೆಂದು ತವರಿಗೆ ಹೋಗಿದ್ದೆ. ಅವ್ವ ಈಗಿಲ್ಲ, ವೀರೇಶ, ಅವನ ಹೆಂಡತಿ ಸುವರ್ಣಾ ಇದ್ದಾರೆ. ಪಡಸಾಲೆಯಲ್ಲಿ ಟಿವಿ ಪಕ್ಕಕ್ಕೆ ಹೊಸದಾಗಿ ಗಾಜಿನ ತೊಟ್ಟಿ ಬಂದಿತ್ತು. ಒಳಗೆ ಆರು ಬಂಗಾರ ಮೀನು, ಕೇಸರಿ ಬಣ್ಣ, ಬಾಲವೆಲ್ಲ ಜಾರ್ಜೆಟ್ ಸೀರೆ. "ಎಷ್ಟ ಚಂದ ಅದಾವಲ್ಲ ಸುವರ್ಣಾ" ಅಂದುಬಿಟ್ಟೆ. ತವರಿಗೆ ಬಂದ ಹೆಣ್ಣುಮಗಳು ಯಾವುದನ್ನಾದರೂ ಚಂದ ಅಂದರೆ, ಕೊಡು ಅಂತ ಬಾಯಿಬಿಟ್ಟು ಕೇಳಿದ ಹಾಗೆಯೇ. ಅದು ನನಗೆ ನೆನಪಾಗಬೇಕಿತ್ತು.

ಹೊರಡುವ ದಿನ ಸುವರ್ಣಾ ನನ್ನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ, ಕುಬಸದ ಕಣ ಎಂಬ ರವಿಕೆ ಬಟ್ಟೆ. ಎಲ್ಲ ಆದ ಮೇಲೆ ಒಳಗೆ ಹೋಗಿ, ನೀರು ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ ತಂದು ಅದರ ಮೇಲಿಟ್ಟಳು. ಚೀಲದಲ್ಲಿ ಎರಡು ಮೀನು.

"ಇದೇನ ಸುವರ್ಣಾ?"

"ತವರಿಂದ ಬರಿಗೈಲೆ ಹೋಗಬಾರದ್ರಿ ಅಕ್ಕಾರ."

"ಬರಿಗೈ ಎಲ್ಲೈತಿ? ಉಂಡಿ ಡಬ್ಬಿನ ಹೊರಾಕಾಗವಲ್ದು."

"ಉಡ್ಯಾಗ ಹಾಕೀನ್ರಿ. ಬ್ಯಾಡ ಅನಬಾರದು."

ಅಲ್ಲಿಗೆ ಮಾತು ಮುಗಿಯಿತು. ಉಡಿಯಲ್ಲಿ ಹಾಕಿದ್ದನ್ನು ಬೇಡವೆನ್ನಲು ಬರುವುದಿಲ್ಲ, ತಿರುಗಿ ಕೊಡಲು ಬರುವುದಿಲ್ಲ, ಕೆಡಿಸಲು ಅಂತೂ ಬರುವುದೇ ಇಲ್ಲ. ಉಡಿಯ ಕೊಬ್ಬರಿ ಒಳಗೊಳಗೇ ಕೆಟ್ಟಿದ್ದರೂ ಮನೆಯವರ ಮುಖ ಸಣ್ಣದಾಗುತ್ತದೆ. ಇದು ಜೀವ. ಮಾನ್ವಿಯಿಂದ ರಾಯಚೂರಿನವರೆಗೆ ಚೀಲವನ್ನು ಸೆರಗಿನಲ್ಲಿ ಕಟ್ಟಿ ಹೊಟ್ಟೆಗೆ ಅವಚಿಕೊಂಡು ಬಸ್ಸಿನಲ್ಲಿ ಕುಳಿತೆ. ತಗ್ಗು ಬಂದಾಗೆಲ್ಲ ಅರ್ಧ ಎದ್ದು ನಿಲ್ಲುವುದು, ತಗ್ಗು ದಾಟಿದ ಮೇಲೆ ಕೂಡುವುದು. ಪಕ್ಕದಲ್ಲಿ ಕುರ್ಡಿ ಊರಿನ ಹೆಂಗಸೊಬ್ಬಳು ಕುಳಿತಿದ್ದಳು. ಬಹಳ ಹೊತ್ತು ನನ್ನ ಎದ್ದಾಟ ಕುಂತಾಟ ನೋಡಿ ಕೇಳಿಯೇಬಿಟ್ಟಳು.

"ಉಡ್ಯಾಗ ಏನೈತಿ ಯವ್ವಾ?"

"ಮೀನ ಅದಾವ್ರಿ."

"ಸಾರಿಗೇನು?"

"ಅಲ್ರಿ, ಸಾಕಾಕ."

ಆಕೆ ಸ್ವಲ್ಪ ಯೋಚಿಸಿ, ಮರ್ಯಾದೆಯಿಂದಲೇ ಕೇಳಿದಳು: "ಎಷ್ಟ ಹಾಲ ಕೊಡ್ತಾವ?"

ಮನೆ ಮುಟ್ಟಿದಾಗ ಅತ್ತೆಯವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ ಹೊರಗೆ ಬಂದಿದ್ದರು. ಚೀಲ ನೋಡಿದರು. ನನ್ನನ್ನು ನೋಡಿದರು.

"ಲಿಂಗಪೂಜಿ ಮಾಡೋ ಮನಿಗೆ ಮೀನ ತಂದಿ. ನಾಳಿ ಕೋಳಿ ತರ್ತಿಯೇನು ಗಿರಿಜವ್ವ?"

"ಉಡ್ಯಾಗ ಹಾಕ್ಯಾರ್ರಿ ಅತ್ತಿ."

ಅವರು ಕನ್ನಡಕ ಏರಿಸಿ ಚೀಲದ ಹತ್ತಿರ ಬಂದರು. ಮೀನೂ ಹತ್ತಿರ ಬಂದು ಅವರನ್ನು ನೋಡಿತು.

"ಉಡ್ಯಾಗ ಬಂದಾವಂದ್ರ ಇರಲಿ. ಚಂದಾಗಿ ನೋಡಿಕೊ. ಇದು ನಿನ್ನ ತವರಿನ ಹೆಸರು, ನಮ್ಮ ಮನಿ ಮರ್ಯಾದಿ."

ಸಾಮಾನ್ಯರಿಗೆ ಇದು ಒಪ್ಪಿಗೆಯ ಮಾತಾಗಿ ಕೇಳಿಸುತ್ತದೆ. ನನಗೆ ಆವತ್ತಿನಿಂದ ನಿದ್ದೆ ಹೋಯಿತು.

ನಮ್ಮವರು ಸ್ಟೇಷನ್ ರಸ್ತೆಯ ಅಂಗಡಿಯಿಂದ ಗಾಜಿನ ತೊಟ್ಟಿ, ಗುಳುಗುಳು ಗಾಳಿ ಬಿಡುವ ಯಂತ್ರ, ಒಂದು ಚೀಲ ಬಣ್ಣದ ಕಲ್ಲು ತಂದರು. ಅತ್ತೆಯವರು ಎರಡೇ ದಿನಕ್ಕೆ ಮೀನುಗಳಿಗೆ ಹೆಸರಿಟ್ಟರು. ದಪ್ಪನೆಯದು, ಕೆಲಸವಿಲ್ಲದೆ ಗಂಭೀರವಾಗಿ ನಿಂತುಕೊಂಡಿರುವುದು, ಗೌಡ್ತಿ. ಸಣ್ಣದು, ದಿನವಿಡೀ ಆ ಮೂಲೆಯಿಂದ ಈ ಮೂಲೆಗೆ ಓಡಾಡಿ ಸಂಜೆಗೆ ಏನೂ ಕೆಲಸ ಆಗಿರದದ್ದು, ಕಾರಕೂನ. ಪೂಜೆ ಮುಗಿಸಿದವರೇ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂಡುವುದು ಅವರ ರೂಢಿಯಾಯಿತು. ಕಾಳು ಹಾಕುತ್ತ ಅವರು ಮೀನಿನ ಜೊತೆ ಮಾತಾಡುವುದು ಒಳಗೆ ನನಗೆ ಕೇಳುತ್ತಿತ್ತು. "ಇರು, ಕಾರಕೂನಗೂ ಬಿಡು. ಎಲ್ಲಾ ನೀನ ನುಂಗತಿ." ಹೀಗಾದ ಮೇಲೆ ಮೀನಿಗೆ ಏನಾದರೂ ಆದರೆ ತವರಿಗೊಂದೇ ಅಲ್ಲ, ಅತ್ತೆಗೂ ಜವಾಬು ಹೇಳಬೇಕಾದವಳು ನಾನು. ಚಿಂತೆ ಎರಡು ಪಟ್ಟಾಯಿತು.

ಚಿಂತೆಯಾದಾಗ ಕೆಲವರು ಉಣ್ಣುತ್ತಾರೆ, ಕೆಲವರು ಮಲಗುತ್ತಾರೆ. ನಾನು ತೊಳೆಯುತ್ತೇನೆ.

ಪ್ರತಿ ಭಾನುವಾರ ತೊಟ್ಟಿಯ ನೀರಷ್ಟನ್ನೂ ಚೆಲ್ಲಿ, ಕಲ್ಲುಗಳನ್ನು ಮೊರದಲ್ಲಿ ಹಾಕಿ ಅಕ್ಕಿ ತಿಕ್ಕಿದಂತೆ ತಿಕ್ಕಿ, ಗಾಜಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿ, ನಳದಿಂದ ಹೊಸ ನೀರು ಹಿಡಿದು ತುಂಬುತ್ತಿದ್ದೆ. ನಮ್ಮ ನಳದ ಹೊಸ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಎಷ್ಟೆಂದರೆ, ಮುಖ ತೊಳೆದರೆ ಆಸ್ಪತ್ರೆಯಿಂದ ಬಿಡುಗಡೆಯಾದವರ ಹಾಗೆ ನಾರುತ್ತೇವೆ. ಒಂದು ದಿನ ತೊಟ್ಟಿ ಝಗಝಗ ಎನ್ನುವುದು. ಮರುದಿನಕ್ಕೆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುವುದು. ನಾನು ವಾರದ ನಡುವೆ ಇನ್ನೊಮ್ಮೆ ತೊಳೆಯುವೆ. ಅದು ಇನ್ನೂ ಬೇಗ ಬೆಳ್ಳಗಾಗುವುದು.

ಮೊಬೈಲಿನಲ್ಲಿ ನೋಡಿದೆ. ನೀರನ್ನು ಪೂರ್ತಿ ಬದಲಿಸಬೇಡಿ, ಸ್ವಲ್ಪ ಸ್ವಲ್ಪ ಬದಲಿಸಿ, ನಳದ ನೀರನ್ನು ಒಂದು ದಿನ ತೆರೆದಿಟ್ಟು ಹಾಕಿ ಎಂದು ಅಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ಓದಿದೆ, ತಿಳಿಯಿತು, ನಮ್ಮವರಿಗೂ ತಿಳಿಸಿ ಹೇಳಿದೆ. ಆದರೆ ತಿಳಿದದ್ದು ತಲೆಗೆ, ಕೈ ಮಾನ್ವಿಯದು. ನಿನ್ನಿ ನೀರನ್ನು ಹಾಗೇ ಬಿಟ್ಟು ಅದರ ಮೇಲೆ ಹೊಸ ನೀರು ಹಾಕುವುದೆಂದರೆ ಮುಸುರೆಯ ತಟ್ಟೆಯಲ್ಲಿ ಬಿಸಿ ಅನ್ನ ಬಡಿಸಿದ ಹಾಗೆ ಆ ಕೈಗೆ ಅನ್ನಿಸುತ್ತಿತ್ತು. ಹಾಗೂ ಮನಸ್ಸು ಗಟ್ಟಿ ಮಾಡಿ ಒಮ್ಮೊಮ್ಮೆ ಬಕೆಟ್ಟಿನಲ್ಲಿ ನೀರು ಹಿಡಿದಿಟ್ಟರೆ, ಬೆಳಿಗ್ಗೆ ನಾನು ಏಳುವುದರೊಳಗೆ ಅತ್ತೆಯವರು ನಿನ್ನಿ ನೀರೆಂದು ಅದನ್ನು ಬಿಲ್ವಪತ್ರಿ ಗಿಡಕ್ಕೆ ಸುರಿದುಬಿಟ್ಟಿರುತ್ತಿದ್ದರು. ಆ ವರ್ಷ ನಮ್ಮ ಪತ್ರಿ ಗಿಡ ಬೆಳೆದದ್ದನ್ನು ನೀವು ನೋಡಬೇಕಿತ್ತು.

ಗಣಪತಿ ಹೋದ ಮೇಲೆ ವೀರೇಶನ ಫೋನು ಬಂತು.

"ಅಕ್ಕಾ, ಈ ಸಲ ದಶಮಿಗೆ ಬನ್ನಿ ಕೊಡಾಕ ನಾವು ರಾಯಚೂರಿಗೇ ಬರ್ತೀವಿ. ಸುವರ್ಣಾಗ ಮೀನ ನೋಡಬೇಕಂತ."

"ಬರ್ರಿ ಬರ್ರಿ" ಎಂದು ಫೋನಿಟ್ಟು ತೊಟ್ಟಿಯ ಕಡೆ ತಿರುಗಿದೆ. ಗೌಡ್ತಿ ಅರ್ಧ ಕಾಣುತ್ತಿದ್ದಳು. ಕಾರಕೂನ ಎಲ್ಲಿದ್ದಾನೆಂದು ಹುಡುಕಬೇಕಿತ್ತು.

ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆಯಲ್ಲಿರುವ ಸಮಸ್ತವನ್ನೂ ತೊಳೆಯುತ್ತಾರೆ. ಗೋಡೆ, ಹಾಸಿಗೆ, ಕೌದಿ, ಡಬ್ಬಿ, ದೇವರು. ಆ ಹುರುಪಿನಲ್ಲಿ ನಾನೂ ಇದ್ದೆ. ಹಾಸಿಗೆ ಅರಿವೆಗಳೆಲ್ಲ ಮುಗಿದ ಮೇಲೆ ತೊಟ್ಟಿಯನ್ನು ತೊಳೆದು, ನಳ ಬಂದ ದಿನವೇ ನೀರು ತುಂಬಿ, ಮರುದಿನ ಅದು ಮತ್ತೆ ಬೆಳ್ಳಗಾದದ್ದನ್ನು ಕಂಡು, ನನಗೆ ಒಂದು ಯುಕ್ತಿ ಹೊಳೆಯಿತು. ಇಷ್ಟು ದಿನ ಹೊಳೆದಿರಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡೆ. ಅವ್ವನ ಪಟಿಕ ತಂದೆ. ಸೆರಗು ಸಿಕ್ಕಿಸಿದೆ. ಗೌಡ್ತಿ, ಕಾರಕೂನರಿಗೆ ತಾಗದಂತೆ ತೊಟ್ಟಿಯಲ್ಲಿ ಕೈ ಇಳಿಸಿ, ಸುಳಿಯಾಗುವಂತೆ ತಿರುವಿದೆ.

ಮಧ್ಯಾಹ್ನದ ಊಟಕ್ಕೆ ಬಂದ ನಮ್ಮವರು ತೊಟ್ಟಿಯ ಮುಂದೆ ನಿಂತುಬಿಟ್ಟರು.

"ನೀರ ಹಾಕೀಯೋ, ಇನ್ನೂ ಹಾಕಬೇಕೋ?"

"ಹಾಕೀನ್ರಿ."

"ಕಾಣಸವಲ್ವಲ್ಲ."

ಅಂಥಾ ತಿಳಿ. ಗಾಜೂ ಇಲ್ಲ, ನೀರೂ ಇಲ್ಲ, ಎರಡು ಮೀನು ಗಾಳಿಯಲ್ಲಿ ತೇಲುತ್ತಿವೆ ಎನ್ನುವ ಹಾಗೆ. ಆ ಊಟದಲ್ಲಿ ನಾನು ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಅವರು ಕೈ ತೊಳೆದು ಮತ್ತೆ ಕೆಲಸಕ್ಕೆ ಹೋದರು. ನಾನು ಪಾತ್ರೆ ಎತ್ತಿಡುತ್ತಿದ್ದಾಗ ಪಡಸಾಲೆಯಿಂದ ಅತ್ತೆಯವರ ದನಿ ಬಂತು.

"ಗಿರಿಜವ್ವ, ಗೌಡ್ತಿ ಯಾಕ ಬಾಯಿ ಮ್ಯಾಲ ಮಾಡ್ಯಾಳ?"

ಓಡಿ ಬಂದು ನೋಡಿದೆ. ಗೌಡ್ತಿ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದಳು. ಕಾರಕೂನ ಕಲ್ಲಿನ ಮೇಲೆ ಒಂದು ಮಗ್ಗುಲಾಗಿ ಒರಗಿದ್ದ. ಜಾರ್ಜೆಟ್ ಬಾಲ ಮಡಚಿ ಮೈಗೆ ಅಂಟಿತ್ತು. ನೀರು ಅಷ್ಟು ತಿಳಿಯಾಗಿದ್ದರಿಂದ ಇದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಈ ನೀರಿನಿಂದ ಮೊದಲು ಅವುಗಳನ್ನು ತೆಗೆಯಬೇಕೆಂದು ನಳ ತಿರುವಿದರೆ ಅದು ಗಾಳಿ ಬಿಟ್ಟಿತು. ಬೆಳಿಗ್ಗೆಯೇ ಬರಬೇಕಿದ್ದ ನೀರು ಬಂದಿರಲಿಲ್ಲ. ಎಲ್ಲಿಯೋ ದೊಡ್ಡ ಪೈಪು ಒಡೆದಿದೆಯೆಂದು ಆಮೇಲೆ ತಿಳಿಯಿತು. ಬೋರಿನ ನೀರು ಹಾಕೋಣವೆಂದರೆ ಬರೀ ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಮನೆಯಲ್ಲಿ ಒಳ್ಳೆಯ ನೀರು ಇದ್ದದ್ದು ಒಂದೇ ಕಡೆ: ಅತ್ತೆಯವರ ಮಣ್ಣಿನ ಹರವಿಯಲ್ಲಿ. ಅದು ಅವರು ಕುಡಿಯುವ ನೀರು, ದೇವರಿಗೆ ಇಡುವ ನೀರು. ಆ ಹರವಿಯನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳದೆ ಮುಟ್ಟಿದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತೆ.

"ಏನ ನಿಂತಿ? ಹರವ್ಯಾಗಿಂದ ಹಾಕು."

"ಅದು ನಿನ್ನಿ ನೀರಲ್ರಿ ಅತ್ತಿ."

"ಬಾಯಿ ಬಾಯಿ ಬಿಡೋ ಜೀವಕ್ಕ ನಿನ್ನಿದು ಇವತ್ತಿಂದು ಅಂತ ಇರ್ತದೇನು? ತಾ ಇಲ್ಲೆ ಬಕೆಟ್ಟು."

ಹರವಿಯ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ಹಿಟ್ಟಿನ ಜರಡಿಯಲ್ಲಿ ಇಬ್ಬರನ್ನೂ ಎತ್ತಿ ಬಿಟ್ಟೆವು. ಅತ್ತೆಯವರು ಗಾಳಿಯ ನಳಿಗೆಯನ್ನು ಹಿಡಿದು ಬಕೆಟ್ಟಿನ ಪಕ್ಕ ನೆಲಕ್ಕೇ ಕುಳಿತರು. ಮಂಡಿ ನೋವಿನವರು, ನೆಲಕ್ಕೆ ಕುಳಿತು ವರ್ಷಗಳಾಗಿದ್ದವು. ಸಂಜೆ ನಮ್ಮವರು ಬಂದಾಗ ನಾವಿಬ್ಬರೂ ಬಕೆಟ್ಟಿನೊಳಗೆ ಮುಖ ಹಾಕಿ ಕುಳಿತಿದ್ದೆವು.

"ಏನಾತು?"

"ನನ್ನಿಂದ ಆತ್ರಿ. ಪಟಿಕ ಹಾಕಿದೆ."

ಅವರು ಬಗ್ಗಿ ನೋಡಿ, ಅಂಗಿಯ ಗುಂಡಿ ಬಿಚ್ಚುತ್ತ ಹೇಳಿದರು: "ನೀ ಮಾಡಿದ್ದಕ್ಕ ಹಿಂಗಾಗ್ಯದ ಅಂದ್ರ, ಇನ್ನ ಏನೂ ಮಾಡದ ಇದ್ರ ಕಡಿಮಿ ಆಗ್ತದ ನೋಡು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಎಂದು ಆಗ ಗೊತ್ತಾಗಲಿಲ್ಲ. ಸಿಟ್ಟು ಬಂತು. ದೀಪ ಹಚ್ಚುವ ಹೊತ್ತಿಗೆ ಕಾರಕೂನ ನೆಟ್ಟಗಾದ. ಅತ್ತೆಯವರು ಎದ್ದು ಹೋಗಿ ದೇವರ ಮುಂದಿನ ದೀಪಕ್ಕೆ ಇನ್ನೊಂದು ಚಮಚ ಎಣ್ಣೆ ಹಾಕಿ ಬಂದರು. ಮರುದಿನ ಪಟಿಕ ಇಟ್ಟ ಜಾಗದಲ್ಲಿ ಇರಲಿಲ್ಲ. "ನನಗೇನ ಗೊತ್ತವ್ವ, ಎಲ್ಲಿಟ್ಟೀಯೋ ಏನೋ" ಅಂದರು ಅತ್ತೆ.

ಆಮೇಲೆ ಊರಿಗೆ ಊರೇ ನೀರಿಲ್ಲದೆ ಕುಳಿತುಕೊಂಡಿತು. ತೊಳೆಯುವ ಹಬ್ಬದಲ್ಲಿಯೇ ತೊಳೆಯಲು ನೀರಿಲ್ಲ. ಟ್ಯಾಂಕರು ಬಂದಾಗ ಕೊಡ ಹಿಡಿದು ಓಡುವುದು, ತಂದದ್ದನ್ನು ಕುಡಿಯಲು, ಬೇಯಿಸಲು ಅಳೆದು ಬಳಸುವುದು. ಹರವಿಯ ನೀರಿಗೆ ಟ್ಯಾಂಕರಿನದನ್ನು ಸೇರಿಸಿ ತೊಟ್ಟಿ ತುಂಬಿ, ಮೀನುಗಳನ್ನು ಮನೆಗೆ ಸೇರಿಸಿದ್ದೆವು. ಅಷ್ಟೇ. ಅದರ ಮೇಲೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಏನೂ ಮಾಡದೆ ಇರುವುದು ನನ್ನಂಥವಳಿಗೆ ಎಂಥ ಶಿಕ್ಷೆಯೆಂದು ನಿಮಗೆ ಹೇಗೆ ಹೇಳಲಿ. ತೊಟ್ಟಿ ಮೊದಲು ಅಂಬಲಿಯಂತಾಯಿತು. ಕಲ್ಲಿಗೆ ಕಂದು ಲೋಳೆ ಹತ್ತಿತು. ಗಾಜಿನ ಅಂಚಿಗೆ ಹಸಿರು ಪಾಚಿ. ನಾನು ಆ ಕಡೆ ನೋಡದೆ ಗೋಡೆಯ ಮಗ್ಗುಲಿಗೆ ಹಾದು ಹೋಗತೊಡಗಿದೆ, ಸಾಲ ಕೊಟ್ಟವರ ಮನೆಯ ಮುಂದೆ ಹಾಯುವವರ ಹಾಗೆ.

ನಳ ಮತ್ತೆ ಬಂದ ಮೇಲೂ ಅತ್ತೆಯವರು ತೊಟ್ಟಿಯನ್ನು ಮುಟ್ಟಗೊಡಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಹಿತ್ತಲ ಕಟ್ಟೆಯ ಮೇಲೆ ಎರಡು ಬಕೆಟ್ಟು, ಬಾಯಿಗೆ ತೆಳ್ಳನೆಯ ಅರಿವೆ ಹೊದಿಸಿದೆ. ಏನೆಂದು ಕೇಳಿದರೆ, "ಮೀನಿಂದು. ನಿನ್ನಿ ನೀರು. ಯಾರೂ ಚೆಲ್ಲಬ್ಯಾಡ್ರಿ" ಅಂದರು. ತಮ್ಮ ಜೀವಮಾನವಿಡೀ ನಿನ್ನಿ ನೀರು ಚೆಲ್ಲಿದ ಕೈ ಅದು. ದಿನಕ್ಕೆ ಒಂದು ಚೊಂಬು ಹಳೆಯದು ತೆಗೆದು ಪತ್ರಿ ಗಿಡಕ್ಕೆ, ಒಂದು ಚೊಂಬು ನಿನ್ನಿಯದು ತೊಟ್ಟಿಗೆ. ಪತ್ರಿ ಗಿಡಕ್ಕೂ ನಷ್ಟವಾಗಲಿಲ್ಲ.

ಹಬ್ಬ ಇನ್ನೇನು ಬಂತು ಎನ್ನುವಾಗ, ಎದ್ದು ಬಂದು ಕಸ ಗುಡಿಸಲು ಬಗ್ಗಿದವಳು ಬಗ್ಗಿದಂತೆಯೇ ನಿಂತೆ. ಕಿಟಕಿಯ ಬಿಸಿಲು ತೊಟ್ಟಿಯೊಳಗಿಂದ ಹಾದು ಆಚೆಯ ಗೋಡೆಗೆ ಬಿದ್ದಿತ್ತು. ಗೋಡೆಯ ಮೇಲೆ ಎರಡು ಮೀನಿನ ನೆರಳು ಆಡುತ್ತಿತ್ತು. ನೀರು ತಿಳಿಯಾಗಿತ್ತು. ಪಟಿಕದ ತಿಳಿ ಅಲ್ಲ; ಬಾವಿಯ ನೀರಿಗೆ ಇರುತ್ತದಲ್ಲ, ಸ್ವಲ್ಪ ಹಸಿರು ಬೆರೆತ ಸಾವಕಾಶದ ತಿಳಿ, ಅಂಥದ್ದು. ವಿಜ್ಞಾನ ಕಲಿಸುವವಳಾಗಿ, ಪಟಿಕ ನೀರನ್ನು ಹುಳಿ ಮಾಡಿ ಮೀನಿನ ಉಸಿರು ಕಟ್ಟಿಸುತ್ತದೆ ಎಂಬುದೂ ಈ ತಿಳಿಯ ಕಾರಣವೂ ನನಗೆ ಗೊತ್ತಿರಬೇಕಿತ್ತು. ಕಲ್ಲಿನ ಮೇಲಿನ ಆ ಲೋಳೆಯಲ್ಲೇ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಮೀನಿನ ಹೊಲಸನ್ನು ಅವೇ ತಿಂದು ನೀರನ್ನು ಕಾಯುತ್ತವೆ. ನಾನು ಭಾನುವಾರ ಭಾನುವಾರ ತಿಕ್ಕಿ ತೊಳೆದು ಚೆಲ್ಲುತ್ತಿದ್ದದ್ದು ಅವುಗಳನ್ನು. ಕಸ ಗುಡಿಸುವವರನ್ನೆಲ್ಲ ಊರು ಬಿಡಿಸಿ, ಊರು ಗಬ್ಬಾಯಿತೆಂದು ಅತ್ತಂತಾಯಿತು.

ಇಷ್ಟು ತಿಳಿದ ಮೇಲಾದರೂ ಬುದ್ಧಿ ಬಂತೇ ಎಂದರೆ, ದಶಮಿಯ ಬೆಳಿಗ್ಗೆ ನನ್ನ ಕೈಯಲ್ಲಿ ತಿಕ್ಕುವ ನಾರು ಇತ್ತು. ನೀರು ತಿಳಿಯಾಗಿದ್ದರೂ ಗಾಜಿಗೆ ಪಾಚಿ, ಕಲ್ಲಿಗೆ ಲೋಳೆ ಹಾಗೇ ಇದ್ದವು. ತವರಿನವರು ಇನ್ನೇನು ಬರುತ್ತಾರೆ. ಮೆಲ್ಲಗೆ ಪಡಸಾಲೆಗೆ ಬಂದರೆ ತೊಟ್ಟಿಯ ಮುಂದೆ ಅತ್ತೆಯವರ ಕುರ್ಚಿ, ಕುರ್ಚಿಯಲ್ಲಿ ಅತ್ತೆಯವರು.

"ಏನದು ಕೈಯಾಗ?"

"ಏನಿಲ್ರಿ. ಗಾಜ ಒಂಚೂರು ಒರಸ್ತೀನಿ."

"ಒರಸಾಕ ಹುಣಸಿಹಣ್ಣ ಯಾಕ?"

ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಆದರೂ ಹೇಗೆ ಕಂಡಿತೋ.

"ಸುವರ್ಣಾ ನೋಡಿದ್ರ ಏನ ಅಂತಾಳ್ರಿ ಅತ್ತಿ? ನಮ್ಮವ್ವನ ಮಗಳು ಇಷ್ಟ ಹೊಲಸ ಇಟ್ಟಾಳ ಅನ್ನಂಗಿಲ್ಲೇನು?"

"ಅಂದ್ರ ಅನಲಿ. ನಿನ್ನ ಉಡ್ಯಾಗ ಗಾಜ ಬಂದಿತ್ತೇನು? ಮೀನ ಬಂದಿದ್ವು. ಅದಾವ ನೋಡು, ಎರಡೂ."

ನಾನು ನಿಂತು ನೋಡಿದೆ. ಗೌಡ್ತಿ ಗಂಭೀರವಾಗಿ ನಿಂತಿದ್ದಳು. ಕಾರಕೂನ ಕೆಲಸವಿಲ್ಲದ ಅವಸರದಲ್ಲಿದ್ದ. ಹುಣಸೆಹಣ್ಣು ಒಯ್ದು ಸಾರಿಗೆ ಹಾಕಿದೆ.

ಮಧ್ಯಾಹ್ನ ವೀರೇಶ, ಸುವರ್ಣಾ ಬಂದರು. ಬನ್ನಿಯ ಎಲೆ ಅತ್ತೆಯವರ ಕೈಗಿಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ ಕಾಲಿಗೆ ನಮಸ್ಕರಿಸಿದರು. ನಾನು ಎರಡೂ ಕಡೆಯ ಎಲೆ ಹಿಡಿದುಕೊಂಡು, ಸುವರ್ಣಾಳ ಕಣ್ಣು ಯಾವ ಕಡೆ ಹೋಗುತ್ತದೆಂದು ನೋಡುತ್ತಿದ್ದೆ. ಅದು ನೇರ ತೊಟ್ಟಿಗೆ ಹೋಯಿತು. ಆಕೆ ಎದ್ದು ಹತ್ತಿರ ಹೋಗಿ ನಿಂತಳು. ಗಾಜಿನ ಪಾಚಿಯ ಹತ್ತಿರಕ್ಕೇ ಬಗ್ಗಿದಳು. ನನಗೆ ತಡೆಯಲಾಗಲಿಲ್ಲ.

"ಏನ ಮಾಡಬೇಕ ಸುವರ್ಣಾ, ನಡುವ ನಳದ ನೀರ ಬರಲಿಲ್ಲ, ತೊಳಿಯಾಕ ಆಗಲಿಲ್ಲ, ಒಂಚೂರ ಹೊಲಸಾಗ್ಯದ..."

"ಜೀವಂತ ಅದಾವಲ್ರಿ ಅಕ್ಕಾರ" ಅಂದಳು ಸುವರ್ಣಾ. ದನಿ ಬೇರೆಯಾಗಿತ್ತು. "ನಮ್ಮವು ಹೋದ್ವು. ನಾಲ್ಕೂ."

"ಹೆಂಗ?"

"ಹಬ್ಬ ಬಂತಂತ ತೊಟ್ಟಿ ತೊಳದೆ. ನೀರ ರಾಡಿ ಕಂಡ್ವು. ಅವ್ವಾರ ಮಾಡತಿದ್ರಲ್ರಿ, ಹಂಗ ಪಟಿಕ ತಿರುವಿದೆ. ಚಂದ ಆಗಿದ್ವು ನೋಡ್ರಿ ನೀರು, ಕನ್ನಡಿ ಕನ್ನಡಿ. ಸಂಜಿಕ..."

ನಾನು ಅತ್ತೆಯವರನ್ನು ನೋಡಿದೆ. ಅತ್ತೆಯವರು ಬನ್ನಿಯ ಎಲೆಗಳನ್ನು ನೋಡುತ್ತಿದ್ದರು. ಆಮೇಲೆ ನಾನು ನನ್ನ ಕಥೆ ಹೇಳಿದೆ. ಸುವರ್ಣಾ ಬಾಯಿಗೆ ಸೆರಗು ಹಿಡಿದಳು, ಅಳುತ್ತಾಳೆಂದುಕೊಂಡರೆ ನಗುತ್ತಿದ್ದಳು. ಒಂದೇ ಹೆಂಗಸಿನ ಕೈಯಲ್ಲಿ ಪಳಗಿದ ಇಬ್ಬರು, ಎರಡು ಊರಿನಲ್ಲಿ, ಒಂದೇ ಹಬ್ಬಕ್ಕೆ, ಅದೇ ಯುಕ್ತಿ ಮಾಡಿದ್ದೆವು.

"ಅವ್ವ ಇರಬೇಕಾಗಿತ್ತು" ಅಂದ ವೀರೇಶ. "ಮೀನಿಗೂ ಎಣ್ಣಿ ಹಚ್ಚಿ ಎರದು, ವಿಭೂತಿ ಇಟ್ಟು ಬಿಡತಿದ್ಳು."

"ಮತ್ತ ಎರಡು ತಂದೀನ್ರಿ ಅಕ್ಕಾರ" ಅಂದಳು ಸುವರ್ಣಾ. "ಮನ್ಯಾಗ ಬಕೆಟ್ನ್ಯಾಗ ಇಟ್ಟೀನಿ. ತೊಟ್ಟ್ಯಾಗ ಬಿಡಾಕ ಅಂಜಿಕಿ ಆಗಾಕತ್ತದ."

ಹೊರಡುವಾಗ ನಾನು ಆಕೆಯನ್ನು ಮಣೆಯ ಮೇಲೆ ಕೂಡಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ, ಕುಬಸದ ಕಣ. ಉಡಿ ತುಂಬಿ ಏಳಬೇಕೆನ್ನುವಾಗ ಅತ್ತೆಯವರು "ಇರು" ಅಂದರು. ತೋಳು ಏರಿಸಿ ತೊಟ್ಟಿಗೆ ಕೈ ಹಾಕಿ, ತಳದಿಂದ ಒಂದು ಬೊಗಸೆ ಕಲ್ಲು ತೆಗೆದರು. ಕಂದು ಲೋಳೆ ಸುರಿಯುವ ಕಲ್ಲು. ಅದನ್ನು ಮುಚ್ಚಳವಿರುವ ಸ್ಟೀಲಿನ ಡಬ್ಬಿಗೆ ಹಾಕಿ, ತೊಟ್ಟಿಯ ನೀರನ್ನೇ ಮುಳುಗುವಷ್ಟು ಬಗ್ಗಿಸಿ, ಗಟ್ಟಿಯಾಗಿ ಮುಚ್ಚಿ, ಒರೆಸಿ, ಕುಬಸದ ಕಣದ ಮೇಲಿಟ್ಟರು.

"ಇದೇನ್ರಿ ಅಮ್ಮಾರ?"

"ನಮ್ಮ ಮನಿ ಹೊಲಸು. ನಿನ್ನ ತೊಟ್ಟ್ಯಾಗ ಹಾಕು. ಉಡ್ಯಾಗ ಹಾಕೀನಿ ನೋಡವ್ವ, ತೊಳೀಬಾರದು."

ಸುವರ್ಣಾ ಸೆರಗನ್ನು ಎರಡೂ ಕೈಯಿಂದ ಅವಚಿ ಹಿಡಿದು ಎದ್ದಳು. ಬಸ್ಸಿನಲ್ಲಿ ಆಕೆಯೂ ತಗ್ಗು ಬಂದಾಗೆಲ್ಲ ಅರ್ಧ ಎದ್ದು ನಿಂತಳಂತೆ. ಪಕ್ಕದವರು ಏನು ಕೇಳಿದರೋ, ಆಕೆ ಏನು ಹೇಳಿದಳೋ ತಿಳಿಯದು. ಮಾನ್ವಿಯ ಮೀನು ಮಾತ್ರ ಚೆನ್ನಾಗಿವೆ. ನಾನು ಫೋನು ಮಾಡಿ ಕೇಳುತ್ತಿರುತ್ತೇನೆ, ಸ್ವಲ್ಪ ಹೆಚ್ಚೇ ಕೇಳುತ್ತೇನೆಂದು ವೀರೇಶನ ತಕರಾರು.

ಒಲೆ ಆರಿಸಿ ಮತ್ತೆ ಸ್ಟೂಲು ಹತ್ತಿದೆ, ಅಲ್ಲಿಗೆ ಬರುತ್ತೇನೆ. ಡಬ್ಬಿ ಒಂದು ಕೈಯಲ್ಲಿ, ಪಟಿಕ ಇನ್ನೊಂದು ಕೈಯಲ್ಲಿ. ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡಿದೆ, ಕೂಡುತ್ತದೆ. ಅತ್ತೆಯವರು ಇದನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಮೀನಿನ ಜೀವಕ್ಕೆ ಅಂಜಿ ಬಚ್ಚಿಟ್ಟಿದ್ದಾರೆ. ನನ್ನವ್ವನದೆಂದು ತೊಳೆದ ಬಿಳಿ ಅರಿವೆಯಲ್ಲಿ ಸುತ್ತಿದ್ದಾರೆ. ಸಾಲದೆಂದು ಮೇಲೆ ಏಲಕ್ಕಿ ಸುರಿದಿದ್ದಾರೆ, ಈ ಅಡುಗೆಮನೆಯಲ್ಲಿ ಅದಕ್ಕಿಂತ ದುಬಾರಿಯದು ಇನ್ನೊಂದಿಲ್ಲ.

ಪಡಸಾಲೆಯಿಂದ ಕುರ್ಚಿ ಕಿರುಗುಟ್ಟಿದ ಸದ್ದು ಬಂತು.

"ಸ್ಟೂಲ ಹತ್ತಿ ಏನ ಹುಡುಕಾಕತ್ತೀ ಗಿರಿಜವ್ವ?"

"ಏಲಕ್ಕಿರಿ ಅತ್ತಿ."

ಕುರ್ಚಿ ಇನ್ನೊಮ್ಮೆ ಕಿರುಗುಟ್ಟಿತು.

"ಅಲ್ಲಿಲ್ಲ. ಏಲಕ್ಕಿ ತೀರ್ಯಾವ."

ನಾನು ಪಟಿಕವನ್ನು ಇದ್ದ ಹಾಗೆಯೇ ಸುತ್ತಿ, ಗಂಟು ಹಾಕಿ, ಮೇಲೆ ಏಲಕ್ಕಿಯನ್ನು ಸಮವಾಗಿ ಹರಡಿ, ಮುಚ್ಚಳ ಮುಚ್ಚಿ, ಡಬ್ಬಿಯನ್ನು ಭರಣಿಯ ಹಿಂದೆ ಅದೇ ಜಾಗಕ್ಕೆ ಆನಿಸಿಟ್ಟೆ.

"ಹೌದ್ರಿ," ಅಂದೆ, "ಇಲ್ಲಿಲ್ಲ."

ಆವತ್ತಿನ ಶಿರಾದಲ್ಲಿ ಏಲಕ್ಕಿ ಇರಲಿಲ್ಲ. ಅತ್ತೆಯವರು ಇನ್ನೊಂದು ಸಲ ಹಾಕಿಸಿಕೊಂಡು ಉಂಡರು.